ನಿಯಾನ್ ದೀಪದ ಅಕ್ಷರಗಳು

ಶಾಲೆಯ ಸ್ಮರಣ ಸಂಚಿಕೆಗಾಗಿ ಏನನ್ನಾದರೂ ಬರೆದು ಕಳುಹಿಸಬೇಕೆಂದು ಸಂಪಾದಕ ಮಂಡಲಿಯವರಿಂದ ಕಾಗದ ಬಂದಾಗ, ಯಾವ ವಿಷಯವನ್ನು ಕುರಿತು ಬರೆಯಲೆಂಬ ಯೋಚನೆಯು ನನ್ನನ್ನು ಹೆಚ್ಚು ಹೊತ್ತು ಬಾಧಿಸಲಿಲ್ಲ. ಉಪಾಧ್ಯಾಯಿನಿಯರ ಗುಣಕಥನವನ್ನೂ ಬೋರ್ಡಿಂಗಿನ ದಿನಚರಿಯನ್ನೂ ನನಗಿಂತ ಚೆನ್ನಾಗಿ ಬರೆಯಬಲ್ಲ ಸೋದರಿಯರು ಬೇಕಾದಷ್ಟು ಮಂದಿ ಇರುವರು. ನಾನು ಬೆಂಗಳೂರಿನಲ್ಲಿ ಮೂವತ್ತು ವರುಷಗಳ ಕಾಲ ಹೆಣ್ಣುಮಕ್ಕಳಿಗೆ ಭೌತಶಾಸ್ತ್ರವನ್ನು ಕಲಿಸಿದವಳು. ಹುಟ್ಟಿನಿಂದ ಜವಳಿ ವ್ಯಾಪಾರಿಯ ಮಗಳು. ಈ ಎರಡೂ ಒಂದೆಡೆ ಸೇರುವ ವಸ್ತುವೊಂದು ನನ್ನ ಪಾಲಿಗೆ ದೊರೆತಿರುವುದು. ಅದು ನಿಯಾನ್ ದೀಪದ ಬೋರ್ಡು. ಅಂಗಡಿಯ ನೆತ್ತಿಯ ಮೇಲೆ ಉರಿಯುವ ಜಾಹೀರಾತಿನ ದೀಪವು ಇಂಥ ಗಂಭೀರವಾದ ಸಂಚಿಕೆಗೆ ತಕ್ಕ ವಿಷಯವೇ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಪೂರ್ತಿಯಾಗಿ ಓದಿದ ಮೇಲೆ ತೀರ್ಪು ಕೊಡಬೇಕೆಂದು ಅಂಥವರಲ್ಲಿ ನನ್ನ ಬಿನ್ನಹ.

ಊರಿನ ದೊಡ್ಡ ಬೀದಿಯಲ್ಲಿ, ನಮ್ಮ ತಂದೆಯವರ ಅಂಗಡಿಯ ಮೇಲೆ ‘ವಸ್ತ್ರ ಭಂಡಾರ’ ಎಂಬ ಅಕ್ಷರಗಳು ಸಂಜೆಯಾದೊಡನೆ ಕೆಂಪಾಗಿ ಬೆಳಗುತ್ತಿದ್ದುದು ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರಿಗೆ ಜ್ಞಾಪಕವಿಲ್ಲದೆ ಇರದು. ಆ ಬೋರ್ಡು 1964ರಲ್ಲಿ ಬೆಂಗಳೂರಿನಿಂದ ಲಾರಿಯ ಮೇಲೆ, ಭತ್ತದ ಹುಲ್ಲು ತುಂಬಿದ ಮರದ ಪೆಟ್ಟಿಗೆಯೊಳಗೆ ಬಂದಿತು. ನಮ್ಮ ಬೀದಿಗೆ ಅಂಥದು ಅದೇ ಮೊದಲನೆಯದು. ಬೋರ್ಡಿಂಗಿನ ಮಹಡಿಯ ಕಿಟಕಿಗಳಿಂದಲೂ ಅದು ಕಾಣುತ್ತಿದ್ದಿತು. ರಾತ್ರಿ ದೀಪವಾರಿಸಿದ ಮೇಲೆ ಹುಡುಗಿಯರು ಅದನ್ನೇ ನೋಡುತ್ತ ಮಲಗುತ್ತಿದ್ದರೆಂದೂ, ಅದು ಆರಿದಾಗ ಒಂಬತ್ತು ಗಂಟೆಯಾಯಿತೆಂದು ತಿಳಿಯುತ್ತಿದ್ದರೆಂದೂ ನನ್ನ ಸಹಪಾಠಿಗಳು ಹೇಳಿರುವರು. ಮಳೆಯ ರಾತ್ರಿಗಳಲ್ಲಿ ಅದು ಸಣ್ಣಗೆ ಚಿಟಪಟನೆ ಸದ್ದುಮಾಡುತ್ತಿದ್ದಿತು; ಬೀದಿಯಲ್ಲಿ ನಿಂತ ನೀರಿನೊಳಗೆ ಅಕ್ಷರಗಳು ತಲೆಕೆಳಗಾಗಿ ನಡುಗುತ್ತಿದ್ದುವು. 1969ರ ಬೇಸಿಗೆಯಲ್ಲಿ ಆಲಿಕಲ್ಲಿನ ಮಳೆ ಬಂದು ‘ಸ’ಕಾರದ ಕೆಳಗಿನ ತಕಾರದ ಒತ್ತು ಒಡೆದುಹೋಯಿತು. ಒಂದು ಒತ್ತಿಗಾಗಿ ಬೆಂಗಳೂರಿನಿಂದ ಕೆಲಸಗಾರನನ್ನು ಕರೆಸುವುದು ತಂದೆಯವರಿಗೆ ದುಂದುವೆಚ್ಚವೆಂದು ತೋರಿತು. ಊರಿನ ಎಲೆಕ್ಟ್ರಿಷಿಯನ್ ಒಬ್ಬನು ಒಡೆದ ತುಂಡನ್ನು ಬಿಟ್ಟು ತಂತಿ ಹಾಯಿಸಿಕೊಟ್ಟನು. ಅಂದಿನಿಂದ ನಮ್ಮದು ‘ವಸ್ರ ಭಂಡಾರ’ವಾಯಿತು. ನಮ್ಮ ಕನ್ನಡ ಪಂಡಿತರು ಸಂಯುಕ್ತಾಕ್ಷರಗಳ ಪಾಠ ಬಂದಾಗಲೆಲ್ಲ ನನ್ನ ಕಡೆಗೆ ತಿರುಗಿ, “ಅಮ್ಮಾ, ನಿಮ್ಮ ಅಂಗಡಿಯ ತಕಾರ ಇನ್ನೂ ಸಿಕ್ಕಲಿಲ್ಲವೋ?” ಎಂದು ಕೇಳುತ್ತಿದ್ದರು. ತರಗತಿಯೆಲ್ಲ ನಗುತ್ತಿದ್ದಿತು.

ನಿಯಾನ್ ಎಂಬುದು ಮೂಲದಲ್ಲಿ ದೀಪದ ಹೆಸರಲ್ಲ. ಒಂದು ಅನಿಲದ ಹೆಸರು. ನಾವು ಉಸಿರಾಡುವ ಗಾಳಿಯಲ್ಲಿಯೇ ಅದು ಇರುವುದು. ಆದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸುಮಾರು 18 ಪಾಲು ಮಾತ್ರ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೇರೆ ವಸ್ತುಗಳೊಡನೆ ಸೇರುವ ಸ್ವಭಾವವೂ ಇಲ್ಲ. ಹೀಗೆ ಯಾರ ಗೊಡವೆಗೂ ಹೋಗದೆ ಇದ್ದುದರಿಂದಲೇ 1898ರವರೆಗೆ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಆ ವರುಷದ ಜೂನ್ ತಿಂಗಳಲ್ಲಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ರಸಾಯನಶಾಸ್ತ್ರದ ಆಚಾರ್ಯರಾದ ವಿಲಿಯಂ ರಾಮ್ಸೆಯವರೂ, ಇಪ್ಪತ್ತಾರು ವರುಷ ಪ್ರಾಯದ ಅವರ ಸಹಾಯಕರಾದ ಮಾರಿಸ್ ಟ್ರಾವರ್ಸರೂ ಗಾಳಿಯನ್ನು ಅತಿಶೀತದಿಂದ ದ್ರವವಾಗಿಸಿ, ಅದರೊಳಗಿನ ಅನಿಲಗಳನ್ನು ಒಂದೊಂದಾಗಿ ಬೇರ್ಪಡಿಸುವ ಕೆಲಸದಲ್ಲಿ ತೊಡಗಿದ್ದರು. ಕೆಲವು ದಿನಗಳ ಹಿಂದಷ್ಟೇ ಕ್ರಿಪ್ಟಾನ್ ಎಂಬ ಹೊಸ ಅನಿಲವು ಅವರಿಗೆ ಸಿಕ್ಕಿತ್ತು. ಈಗ ಆರ್ಗಾನಿಗಿಂತ ಹಗುರವಾಗಿ ಮೊದಲು ಹಾರಿಬಂದ ಅಂಶವನ್ನು ಗಾಜಿನ ಕೊಳವೆಯಲ್ಲಿ ಹಿಡಿದು, ಅದರ ಮೂಲಕ ವಿದ್ಯುತ್ತನ್ನು ಹಾಯಿಸಿದರು. ಕೊಳವೆಯ ತುಂಬ ಕಡುಗೆಂಪಾದ ಬೆಳಕು ಹೊಮ್ಮಿತು. ಅಂಥ ಬೆಳಕನ್ನು ಅವರು ಅದುವರೆಗೆ ಕಂಡಿರಲಿಲ್ಲ. ರಾಮ್ಸೆಯವರ ಹದಿಮೂರು ವರುಷದ ಮಗನು, ಇದು ಹೊಸದಾದುದರಿಂದ ಲ್ಯಾಟಿನಿನಲ್ಲಿ ‘ನೋವಂ’ ಎಂದು ಹೆಸರಿಡಬಾರದೇಕೆ ಎಂದು ಕೇಳಿದನಂತೆ. ತಂದೆಗೆ ಆ ಸಲಹೆಯು ಹಿಡಿಸಿತು. ಆದರೆ ಗ್ರೀಕ್ ಮಾತೇ ಚೆಂದವೆಂದು ‘ನಿಯಾನ್’ ಎಂದಿಟ್ಟರು. ಎರಡರ ಅರ್ಥವೂ ‘ಹೊಸತು’ ಎಂದೇ. ಮಕ್ಕಳು ನಡುವೆ ಬಾಯಿಹಾಕಿದರೆ ಗದರಿಸುವ ತಂದೆತಾಯಿಗಳು ಈ ಸಂಗತಿಯನ್ನು ನೆನಪಿನಲ್ಲಿಡಬಹುದು.

ಈ ಕಥೆಯಲ್ಲಿ ನಮ್ಮ ನಾಡಿಗೆ ಸೇರಿದ ಭಾಗವೊಂದುಂಟು. ಜಮ್‌ಶೇಟ್‌ಜಿ ಟಾಟಾ ಅವರು ಭಾರತದಲ್ಲಿ ಉನ್ನತ ವಿಜ್ಞಾನದ ಸಂಸ್ಥೆಯೊಂದನ್ನು ಸ್ಥಾಪಿಸಬೇಕೆಂದು ಯೋಚಿಸಿದಾಗ, ಸಲಹೆಗಾಗಿ 1900ರಲ್ಲಿ ಇದೇ ರಾಮ್ಸೆಯವರನ್ನು ಬರಮಾಡಿಕೊಂಡರು. ಅವರು ದೇಶವನ್ನು ಸುತ್ತಿ ನೋಡಿ, ಬೆಂಗಳೂರೇ ತಕ್ಕ ಸ್ಥಳವೆಂದು ಅಭಿಪ್ರಾಯ ಕೊಟ್ಟರು. ಮೈಸೂರು ಸರ್ಕಾರದವರು 370ಕ್ಕೂ ಮಿಕ್ಕ ಎಕರೆ ನೆಲವನ್ನು ಕೊಟ್ಟರು. ಹಳೆಯ ಬೆಂಗಳೂರಿನವರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಆ ವಿದ್ಯಾಸಂಸ್ಥೆಗೆ ಮೊದಲನೆಯ ಡೈರೆಕ್ಟರಾಗಿ 1906ರಲ್ಲಿ ಬಂದವರು ಯಾರು? ಲಂಡನ್ನಿನ ಕೊಳವೆಯಲ್ಲಿ ಆ ಕೆಂಪು ಬೆಳಕನ್ನು ಕಂಡ ಮಾರಿಸ್ ಟ್ರಾವರ್ಸರೇ. ಅವರು ಬೆಂಗಳೂರಿನಲ್ಲಿದ್ದು ಪ್ರಯೋಗಶಾಲೆಗಳನ್ನು ಕಟ್ಟಿಸಿ, 1911ರಲ್ಲಿ ಮೊದಲನೆಯ ವಿದ್ಯಾರ್ಥಿಗಳನ್ನು ಸೇರಿಸಿಕೊಂಡು, 1914ರಲ್ಲಿ ಆ ಪದವಿಯನ್ನು ಬಿಟ್ಟು ಸ್ವದೇಶಕ್ಕೆ ಹೊರಟರು. ಮಹಾಯುದ್ಧದ ಕಾಲದಲ್ಲಿ ಅಲ್ಲಿ ವೈಜ್ಞಾನಿಕ ಉಪಕರಣಗಳಿಗೆ ಬೇಕಾದ ಗಾಜಿನ ತಯಾರಿಕೆಯನ್ನು ನಡೆಸಿದರು. ಗಾಜೂ ಅನಿಲವೂ ಅವರನ್ನು ಕೊನೆಯವರೆಗೂ ಬಿಡಲಿಲ್ಲವೆನ್ನಬೇಕು. ನಾನು ಪ್ರತಿ ವರುಷವೂ ಹೊಸ ತರಗತಿಗೆ ಈ ಸಂಗತಿಯನ್ನು ಹೇಳುತ್ತಿದ್ದೆನು. ಮೆಜೆಸ್ಟಿಕ್ಕಿನ ಸಿನಿಮಾ ಮಂದಿರಗಳ ಮೇಲೆ ಉರಿಯುತ್ತಿದ್ದ ಬೆಳಕಿಗೂ ತಾವು ದಿನವೂ ಬಸ್ಸಿನಿಂದ ನೋಡುವ ಆ ಬೂದುಗಲ್ಲಿನ ಕಟ್ಟಡಕ್ಕೂ ಇಂಥದೊಂದು ನಂಟಿರುವುದೆಂದು ಕೇಳಿ ಹುಡುಗಿಯರು ಬೆರಗಾಗುತ್ತಿದ್ದರು.

ಟ್ರಾವರ್ಸರು ಬೆಂಗಳೂರಿನಲ್ಲಿದ್ದ ಕಾಲದಲ್ಲಿಯೇ ಪ್ಯಾರಿಸಿನಲ್ಲಿ ಅವರ ಅನಿಲವು ಪ್ರಯೋಗಶಾಲೆಯನ್ನು ಬಿಟ್ಟು ಬೀದಿಗೆ ಬಂದಿತು. ಜಾರ್ಜ್ ಕ್ಲೋದ್ ಎಂಬ ಫ್ರೆಂಚ್ ಶಾಸ್ತ್ರಜ್ಞರು ಗಾಳಿಯಿಂದ ಆಮ್ಲಜನಕವನ್ನು ತೆಗೆಯುವ ದೊಡ್ಡ ಉದ್ಯಮವನ್ನು ನಡೆಸುತ್ತಿದ್ದರು. ಆ ಕೆಲಸದಲ್ಲಿ ಉಳಿಕೆಯಾಗಿ ನಿಯಾನ್ ಸಿಕ್ಕುತ್ತಿದ್ದಿತು. ಇದನ್ನೇನು ಮಾಡುವುದೆಂದು ಯೋಚಿಸಿ, ಅದನ್ನು ಉದ್ದವಾದ ಕೊಳವೆಗಳಲ್ಲಿ ತುಂಬಿ, 1910ರ ಡಿಸೆಂಬರಿನಲ್ಲಿ ಪ್ಯಾರಿಸಿನ ಮೋಟಾರು ಪ್ರದರ್ಶನದಲ್ಲಿ ಸುಮಾರು ಹನ್ನೆರಡು ಮೀಟರು ಉದ್ದದ ಎರಡು ಕೊಳವೆಗಳನ್ನು ಬೆಳಗಿಸಿ ತೋರಿಸಿದರು. ಮನೆಯೊಳಗಿನ ದೀಪಕ್ಕೆ ಆ ಕೆಂಪು ಒಗ್ಗಲಿಲ್ಲ. ಆ ಬೆಳಕಿನಲ್ಲಿ ಮನುಷ್ಯನ ಮುಖವು ನೋಡುವಂತಿರುವುದಿಲ್ಲ. ಜಾಹೀರಾತಿಗೆ ಇದಕ್ಕಿಂತ ಬೇರೆ ಬೇಡವೆಂದು ಅವರ ಸಹೋದ್ಯೋಗಿಯೊಬ್ಬರಿಗೆ ಹೊಳೆಯಿತು. 1912ರಲ್ಲಿ ಪ್ಯಾರಿಸಿನ ಕ್ಷೌರಿಕನೊಬ್ಬನ ಅಂಗಡಿಗೆ ಮೊದಲನೆಯ ನಿಯಾನ್ ಬೋರ್ಡು ಏರಿತು. 1919ರಲ್ಲಿ ಆ ಪಟ್ಟಣದ ಒಪೇರಾ ನಾಟ್ಯಮಂದಿರದ ದ್ವಾರವೇ ಅದರಿಂದ ಬೆಳಗಿತು. ಕ್ಲೋದರ ವೈಯಕ್ತಿಕ ಚರಿತ್ರೆಯು ಮಾತ್ರ ಅಷ್ಟು ಉಜ್ವಲವಾಗಿ ಮುಗಿಯಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ದೇಶವನ್ನಾಕ್ರಮಿಸಿದ ಜರ್ಮನರ ಪಕ್ಷವನ್ನು ವಹಿಸಿದರೆಂದು 1945ರಲ್ಲಿ ಅವರಿಗೆ ಸೆರೆಮನೆಯ ಶಿಕ್ಷೆಯಾಯಿತು. ಅದಿರಲಿ.

ಅಕ್ಷರಗಳು ಕತ್ತಲೆಯಲ್ಲಿ ತಾವೇ ಉರಿದು ನಿಲ್ಲುವುದೆಂಬುದು ಆ ಕಾಲದ ಜನರಿಗೆ ಎಷ್ಟು ದೊಡ್ಡ ಸೋಜಿಗವಾಗಿದ್ದಿತೆಂಬುದನ್ನು ಇಂದು ಊಹಿಸಿಕೊಳ್ಳುವುದು ಕಷ್ಟ. ನಮ್ಮ ಊರಿಗೆ ಆ ಸೋಜಿಗವು ಅರ್ಧ ಶತಮಾನ ತಡವಾಗಿ ಬಂದಿತು, ಆದರೂ ಸೋಜಿಗವೇ. ಬೋರ್ಡು ಹೊತ್ತಿದ ಮೊದಲನೆಯ ದಿನ ಹಳ್ಳಿಗಳಿಂದ ಸಂತೆಗೆ ಬಂದವರು ರಾತ್ರಿಯ ಬಸ್ಸನ್ನು ತಪ್ಪಿಸಿಕೊಂಡು ನಿಂತು ನೋಡಿದರು. ತಂದೆಯವರು ಒಳಗಿನಿಂದ ಎದ್ದು ಬಂದು, ಬೀದಿಯ ಆಚೆಯ ಬದಿಯಲ್ಲಿ ಅವರ ನಡುವೆಯೇ ನಿಂತರು. ಅವರು ಅಕ್ಷರ ಕಲಿತುದು ಮೂರನೆಯ ತರಗತಿಯವರೆಗೆ ಮಾತ್ರ.

2009ರಲ್ಲಿ ಬೋರ್ಡಿನ ಟ್ರಾನ್ಸ್‌ಫಾರ್ಮರು ಸುಟ್ಟುಹೋಯಿತು. ಅಂದಿನಿಂದ ಅದು ಉರಿಯದೆ, ಗೋಡೆಯ ಮೇಲೆ ಧೂಳು ಹಿಡಿದು ನಿಂತಿದ್ದಿತು. 2019ರಲ್ಲಿ ನಮ್ಮ ಅಣ್ಣನವರು ಹಳೆಯ ಅಂಗಡಿಯನ್ನು ಕೆಡವಿಸಿ ಹೊಸ ಕಟ್ಟಡವನ್ನು ಎತ್ತಿಸಲು ನಿಶ್ಚಯಿಸಿದರು. ಬೋರ್ಡನ್ನು ಗುಜರಿಯವನಿಗೆ ಕೊಡುವುದೆಂದೂ ತೀರ್ಮಾನವಾಯಿತು. ಅವನು ಕಬ್ಬಿಣದ ಚೌಕಟ್ಟಿಗೆ ತೂಕದ ಮೇಲೆ ಬೆಲೆ ಕಟ್ಟಿ, ಗಾಜನ್ನು ತಾವೇ ಒಡೆದು ತೆಗೆದುಕೊಟ್ಟರೆ ಒಳ್ಳೆಯದೆಂದು ಹೇಳಿದನಂತೆ. ಸುದ್ದಿ ತಿಳಿದು ನಾನು ಊರಿಗೆ ಬಂದೆನು.

“ತಂಗಿ, ನಿನಗೆ ಪುಸ್ತಕದ ಚಪಲ. ನನಗೆ ವ್ಯಾಪಾರ,” ಎಂದರು ಅಣ್ಣನವರು. “ಅಪ್ಪನ ಕಾಲಕ್ಕೆ ಅದು ಸರಿ. ಎಲ್‌ಇಡಿ ಬೋರ್ಡಿಗೆ ಕರೆಂಟು ಕಡಿಮೆ, ಖರ್ಚು ಕಡಿಮೆ, ಒಡೆಯುವುದಿಲ್ಲ. ಸಾವಿರಾರು ವೋಲ್ಟನ್ನು ಗಿರಾಕಿಗಳ ತಲೆಯ ಮೇಲೆ ನೇತುಹಾಕಿಕೊಂಡು ಕೂತಿರಲೇ? ಅದೂ ಆ ತಪ್ಪು ಕಾಗುಣಿತದ ಬೋರ್ಡಿಗಾಗಿ?”

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಎಲ್‌ಇಡಿ ದೀಪವು ಅಗ್ಗವಾದುದು, ಹಗುರವಾದುದು. ರಬ್ಬರಿನಂಥ ಹೊದಿಕೆಯೊಳಗೆ ಅದನ್ನು ಹುದುಗಿಸಿ ನಿಯಾನಿನಂತೆಯೇ ಕಾಣುವಂತೆ ಮಾಡಿ, ನಿಯಾನ್ ಎಂಬ ಹೆಸರಿನಿಂದಲೇ ಇಂದು ಮಾರುವರು. ಅದನ್ನು ನಾನು ನಿಂದಿಸುವವಳಲ್ಲ. ನನ್ನ ಮನೆಯಲ್ಲಿಯೂ ಅವೇ ದೀಪಗಳು. ಆದರೆ ವ್ಯಾಪಾರಕ್ಕೆ ಸಾಲದಾದ ಮಾತ್ರಕ್ಕೆ ಒಂದು ವಸ್ತುವನ್ನು ಒಡೆಯಬೇಕೇ ಎಂಬುದು ನನ್ನ ವಾದವಾಗಿದ್ದಿತು. ಬಾಯಿಮಾತಿನಿಂದ ಅಣ್ಣನವರನ್ನು ಒಪ್ಪಿಸುವುದು ಸಾಧ್ಯವಿಲ್ಲವೆಂದು ತಿಳಿದು, ಬೆಂಗಳೂರಿಗೆ ಹಿಂತಿರುಗಿ ಕಾಗದಗಳನ್ನು ಬರೆದೆನು. ಲೋಕದಲ್ಲಿ ಬೇರೆಯವರು ಇಂಥ ಬೋರ್ಡುಗಳನ್ನು ಏನು ಮಾಡಿರುವರೆಂಬುದನ್ನು ಅವುಗಳಲ್ಲಿ ತಿಳಿಸಿದೆನು.

ಪೋಲೆಂಡಿನ ವಾರ್ಸಾ ನಗರದ ಚೌಕವೊಂದರಲ್ಲಿ ಆಟದ ಸಾಮಾನಿನ ಅಂಗಡಿಗಾಗಿ 1961ರಲ್ಲಿ ನಿಯಾನಿನ ಹುಡುಗಿಯೊಬ್ಬಳನ್ನು ಗೋಡೆಯ ಮೇಲೆ ನಿಲ್ಲಿಸಿದರು. ಅವಳು ವಾಲಿಬಾಲ್ ಆಡುವವಳು. ಅವಳ ಕೈಯಿಂದ ಚೆಂಡು ಒಂದಾದ ಮೇಲೊಂದು ದೀಪವಾಗಿ ಗೋಡೆಯುದ್ದಕ್ಕೂ ಕೆಳಗಿಳಿಯುವುದು. ಆಗ ಅಲ್ಲಿದ್ದುದು ಸಮಾಜವಾದಿ ಸರ್ಕಾರ. ಅಂಗಡಿಗಳಲ್ಲಿ ಕೊಳ್ಳುವುದಕ್ಕೆ ಹೆಚ್ಚೇನೂ ಇರುತ್ತಿರಲಿಲ್ಲ. ಆದರೂ ಬೋರ್ಡುಗಳನ್ನು ಒಳ್ಳೆಯ ಚಿತ್ರಕಾರರಿಂದಲೇ ಬರೆಸಿದರು. ಕಾಲ ಬದಲಾಗಿ ಹುಡುಗಿಯು ಕತ್ತಲಾದಳು. 2006ರಲ್ಲಿ ಪೌಲೀನಾ ಒವೊವ್‌ಸ್ಕಾ ಎಂಬ ಚಿತ್ರಕಾರ್ತಿಯು ತನ್ನ ಚಿತ್ರಗಳ ಮೂಲಕ ಹಣವನ್ನು ಕೂಡಿಸಿ ಅವಳನ್ನು ಮತ್ತೆ ಬೆಳಗಿಸಿದಳು. ಅದೇ ನಗರದಲ್ಲಿ ಇಲೋನಾ ಕಾರ್ವಿನ್‌ಸ್ಕಾ ಎಂಬ ಛಾಯಾಚಿತ್ರಗಾರ್ತಿಯು ಸಾಯುತ್ತಲಿದ್ದ ಬೋರ್ಡುಗಳ ಚಿತ್ರಗಳನ್ನು ತೆಗೆಯುತ್ತ, ಅವುಗಳನ್ನು ಕೂಡಿಹಾಕುತ್ತ ಹೋಗಿ, ತನ್ನ ಜೊತೆಗಾರನೊಡನೆ 2012ರಲ್ಲಿ ನಿಯಾನ್ ಬೋರ್ಡುಗಳಿಗಾಗಿಯೇ ಒಂದು ವಸ್ತುಸಂಗ್ರಹಾಲಯವನ್ನು ತೆರೆದಳು.

ಅಮೆರಿಕದ ಲಾಸ್ ವೇಗಸ್ಸಿನ ಮಾತನ್ನು ಎತ್ತದೆ ನಿಯಾನಿನ ಕಥೆಯು ಮುಗಿಯದು. ಅದು ಜೂಜಿನ ಊರು. ಶಾಲೆಯ ಸಂಚಿಕೆಯಲ್ಲಿ ಅದನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಆದರೆ ಅಲ್ಲಿ ಬೆಟ್ಟಿ ವಿಲ್ಲಿಸ್ ಎಂಬವಳು ಬೋರ್ಡು ಬರೆಯುವವಳಾಗಿದ್ದಳು. ಗಂಡಸರೇ ತುಂಬಿದ್ದ ಕಸುಬಿನಲ್ಲಿ ಒಬ್ಬಳು ಹೆಂಗಸು. ಬಿಳಿಯರೂ ಕರಿಯರೂ ಒಂದೇ ಕಡೆಯಲ್ಲಿ ಕುಳಿತುಕೊಳ್ಳಲು ಅವಕಾಶವನ್ನು ಕೊಟ್ಟ ಆ ಊರಿನ ಮೊದಲನೆಯ ಹೋಟೆಲು 1955ರಲ್ಲಿ ತೆರೆದಾಗ ಅದರ ಬೋರ್ಡಿನ ಅಕ್ಷರಗಳನ್ನು ರೂಪಿಸಿದವಳು ಅವಳು. 1959ರಲ್ಲಿ ಊರಿನ ಹೆಬ್ಬಾಗಿಲಿನಂತೆ ರಸ್ತೆಯಲ್ಲಿ ನಿಲ್ಲಿಸಿದ ಸ್ವಾಗತ ಫಲಕವೂ ಅವಳದೇ. ಲೋಕದ ತುಂಬ ಅದರ ಚಿತ್ರವು ಲೋಟಗಳ ಮೇಲೂ ಅಂಗಿಗಳ ಮೇಲೂ ಅಚ್ಚಾಗಿರುವುದು. ಅವಳು ಅದರ ಹಕ್ಕನ್ನು ಕಾದಿರಿಸಿಕೊಳ್ಳಲೇ ಇಲ್ಲ; ಊರಿಗೆ ತನ್ನ ಕಾಣಿಕೆಯೆಂದು ಬಿಟ್ಟುಕೊಟ್ಟಳು. 2015ರಲ್ಲಿ ತೀರಿಕೊಂಡಳು. ಆ ಊರಿನವರು ಮುರಿದ ಹೋಟೆಲುಗಳ ಬೋರ್ಡುಗಳನ್ನು ಎಸೆಯದೆ ಒಂದು ಬಯಲಿನಲ್ಲಿ ಕೂಡಿಹಾಕಿ, 1996ರಲ್ಲಿ ಅವುಗಳಿಗಾಗಿ ಸಂಗ್ರಹಾಲಯದ ಸಂಸ್ಥೆಯನ್ನು ಸ್ಥಾಪಿಸಿದರು. ಅವಳ ಆ ಹಳೆಯ ಹೋಟೆಲಿನ ಅಕ್ಷರಗಳೂ ಅಲ್ಲಿವೆ.

ಹಾಂಗ್‌ಕಾಂಗಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಬರೆದೆನು. ಏಕೆಂದರೆ ಅದು ನಮಗೆ ಹತ್ತಿರವಾದುದು. ಅಲ್ಲಿಯೂ ಚಿಕ್ಕ ಅಂಗಡಿಗಳು, ಇಕ್ಕಟ್ಟಾದ ಬೀದಿಗಳು. ಅಲ್ಲಿಯೂ ರೋಮನ್ ಲಿಪಿಯಲ್ಲದ ಬರೆಹ. ಕುಂಚದಿಂದ ಬರೆಯುವ ಪಂಡಿತರು ಮೊದಲು ಕಾಗದದ ಮೇಲೆ ಚೀನೀ ಅಕ್ಷರಗಳನ್ನು ಬರೆದುಕೊಡುವರು; ಆ ಕುಂಚದ ನಡೆಯನ್ನು ಗಾಜಿನವನು ಕೊಳವೆಯಲ್ಲಿ ತರುವನು. ಶತಮಾನದ ಉತ್ತರಾರ್ಧದಲ್ಲಿ ಬೀದಿಗಳ ಮೇಲೆ ಚಪ್ಪರದಂತೆ ಹಬ್ಬಿದ್ದ ಆ ಬೋರ್ಡುಗಳು, ಅಪಾಯಕರವಾದುವನ್ನು ತೆಗೆಯಬೇಕೆಂಬ ಕಾಯಿದೆಗಳಿಂದಲೂ ಎಲ್‌ಇಡಿಯಿಂದಲೂ ಬಹುಪಾಲು ಮರೆಯಾದುವು. ಒಂದು ಭೋಜನಶಾಲೆಯ ಮೇಲಿದ್ದ ಹಸುವಿನ ಆಕಾರದ ಬೋರ್ಡನ್ನು 2015ರಲ್ಲಿ ಕೆಳಗಿಳಿಸಿದಾಗ ಎಂ ಪ್ಲಸ್ ಎಂಬ ಸಂಗ್ರಹಾಲಯದವರು ಅದನ್ನು ಸೇರಿಸಿಕೊಂಡರು. 2022ರಲ್ಲಿ ಅಲ್ಲಿ ತೆಗೆದ ಚಲಚ್ಚಿತ್ರವೊಂದರ ಕಥೆಯೇ ಇದು: ನಿಯಾನ್ ಕುಶಲಿಯೊಬ್ಬನ ವಿಧವೆಯು ಗಂಡನು ಮುಗಿಸದೆ ಬಿಟ್ಟುಹೋದ ಬೋರ್ಡನ್ನು ತಾನು ಮುಗಿಸಲು ಹೊರಡುವಳು. ಆ ಪಾತ್ರವನ್ನು ಸಿಲ್ವಿಯಾ ಚಾಂಗ್ ಎಂಬ ನಟಿಯು ವಹಿಸಿರುವಳು. ಈ ಒಂದು ಸಂಗತಿಯನ್ನು ನಾನು ಅಣ್ಣನವರಿಗಲ್ಲ, ಅತ್ತಿಗೆಯವರಿಗೆ ಆಮೇಲೆ ಹೇಳಿದೆನು.

ನನ್ನ ಕಾಗದಗಳಿಂದ ಅಣ್ಣನವರ ಮನಸ್ಸು ಕರಗಿತೆಂದು ಹೇಳಿದರೆ ಸತ್ಯಕ್ಕೆ ದೂರವಾದೀತು. ಅವರ ಉತ್ತರದಲ್ಲಿ ಹಾಂಗ್‌ಕಾಂಗಿಗೂ ನಮ್ಮ ಪೇಟೆಗೂ ಏನು ಸಂಬಂಧವೆಂದಷ್ಟೇ ಇದ್ದಿತು. ಮನಸ್ಸನ್ನು ತಿರುಗಿಸಿದುದು ಬೇರೊಂದು ವಸ್ತು. ಅಂಗಡಿಯ ಸಾಮಾನನ್ನು ಖಾಲಿ ಮಾಡಿಸುವಾಗ ಹಳೆಯ ಲೆಕ್ಕದ ಪುಸ್ತಕಗಳ ಪೆಟ್ಟಿಗೆಯ ತಳದಲ್ಲಿ, ಎಂಟು ಮಡಿಕೆಯಾಗಿ ಮಡಿಸಿದ ಕಂದು ಕಾಗದದ ದೊಡ್ಡ ಹಾಳೆಯೊಂದು ಸಿಕ್ಕಿತು. ಅದರ ಮೇಲೆ ಸೀಸದ ಕಡ್ಡಿಯಿಂದ ಮೊಳದೆತ್ತರದ ಗೆರೆಗಳಿದ್ದುವು. ಯಾವ ಭಾಷೆಯೆಂಬುದೇ ಯಾರಿಗೂ ತಿಳಿಯಲಿಲ್ಲ. ಅತ್ತಿಗೆಯವರು ಅದನ್ನು ಬಟ್ಟೆ ಕೊಳ್ಳುವವರು ನೋಡಿಕೊಳ್ಳುವ ನಿಲುವುಗನ್ನಡಿಯ ಎದುರಿಗೆ ಹಿಡಿದರು. ಕನ್ನಡಿಯೊಳಗೆ ‘ವಸ್ತ್ರ ಭಂಡಾರ’ ಎಂದು ಸ್ಪಷ್ಟವಾಗಿ ಮೂಡಿತು, ತಕಾರದ ಒತ್ತಿನ ಸಮೇತ. ಅಂಚಿನಲ್ಲಿ ತಂದೆಯವರ ಕೈಬರೆಹದಲ್ಲಿ, ‘ಅಕ್ಷರ ಇನ್ನೂ ದುಂಡಗಿರಲಿ’ ಎಂದಿದ್ದಿತು. ಅಣ್ಣನವರು ಆ ಕಾಗದವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ನನಗೆ ಫೋನು ಮಾಡಿ, “ಆ ಬೆಂಗಳೂರಿನವನು ಯಾರೋ ಇದ್ದಾನೆಂದೆಯಲ್ಲ, ಅವನು ಏನು ಕೇಳುತ್ತಾನೆ ವಿಚಾರಿಸು,” ಎಂದರು.

ಬೆಂಗಳೂರಿನ ಹಳೆಯ ಪೇಟೆಯ ಒಂದು ಓಣಿಯಲ್ಲಿ ಎಪ್ಪತ್ತು ದಾಟಿದ ಗಾಜಿನ ಕೆಲಸಗಾರರೊಬ್ಬರು ಇನ್ನೂ ಕೈಕೆಲಸವನ್ನು ಬಿಡದೆ ಇದ್ದರು. ನಾನು ಕಂದು ಕಾಗದವನ್ನು ಅವರ ಮುಂದೆ ಹರಡಿದೊಡನೆ ಅವರು ಅದನ್ನು ಕನ್ನಡಿಯಿಲ್ಲದೆಯೇ ಓದಿದರು. ಗಾಜನ್ನು ಬಗ್ಗಿಸುವವನು ಬೋರ್ಡಿನ ಹಿಂಬದಿಯಿಂದ ಕೆಲಸ ಮಾಡುವನಾದುದರಿಂದ ನಕ್ಷೆಯನ್ನು ತಿರುಗುಮುರುಗಾಗಿಯೇ ಬರೆಯಬೇಕು. ಐವತ್ತು ವರುಷ ಹೀಗೆ ಓದಿ ಓದಿ, ಈಗ ನೇರವಾದ ಬರೆಹವೇ ತನಗೆ ಒಮ್ಮೊಮ್ಮೆ ಹಿಂದುಮುಂದಾಗಿ ಕಾಣುವುದೆಂದು ಅವರು ನಕ್ಕರು.

ಕೆಲಸವನ್ನು ನಾನು ಎರಡು ದಿನ ಕುಳಿತು ನೋಡಿದೆನು. ಸಾಲಾಗಿ ಜ್ವಾಲೆಗಳೇಳುವ ಬರ್ನರಿನ ಮೇಲೆ ಗಾಜಿನ ಕೊಳವೆಯನ್ನು ಎರಡು ಕೈಗಳಿಂದಲೂ ಹಿಡಿದು ಉರುಳಿಸುತ್ತಿರಬೇಕು. ಕೊಳವೆಯ ಒಂದು ತುದಿಗೆ ಬಿರಡೆ. ಇನ್ನೊಂದು ತುದಿಗೆ ಸಣ್ಣ ರಬ್ಬರಿನ ನಳಿಗೆ. ಆ ನಳಿಗೆಯು ಕೆಲಸಗಾರನ ತುಟಿಗಳ ನಡುವೆ. ಗಾಜು ಮೆತ್ತಗಾದೊಡನೆ ಉರಿಯಿಂದ ತೆಗೆದು, ನಕ್ಷೆಯ ಮೇಲೆ ಹಿಡಿದು ಬಗ್ಗಿಸಿ, ಬಗ್ಗಿದ ಕಡೆ ಕೊಳವೆಯು ಚಪ್ಪಟೆಯಾಗದಂತೆ ಮೆಲ್ಲನೆ ಊದಬೇಕು. ಇದಕ್ಕೆಲ್ಲ ದೊರೆಯುವುದು ಕೆಲವೇ ಕ್ಷಣಗಳು. ಹೆಚ್ಚಾಗಿ ಊದಿದರೆ ಉಬ್ಬುವುದು. ಕಡಿಮೆಯಾದರೆ ಸೊಟ್ಟೆ ಬೀಳುವುದು. ಒಂದು ಬಾಗು ಕೆಟ್ಟರೆ ಇಡೀ ತುಂಡು ಕಸದ ಬುಟ್ಟಿಗೆ. ಯಂತ್ರವೊಂದು ಈ ಕೆಲಸವನ್ನು ಮಾಡುವುದಿಲ್ಲ. ಆಕಾರ ಮುಗಿದ ಮೇಲೆ ತುದಿಗಳಿಗೆ ಲೋಹದ ವಿದ್ಯುದ್ವಾರಗಳನ್ನು ಬೆಸೆದು, ಒಳಗಿನ ಗಾಳಿಯನ್ನು ಪಂಪಿನಿಂದ ಎಳೆದು, ಬಲವಾದ ವಿದ್ಯುತ್ತನ್ನು ಹಾಯಿಸಿ ಗಾಜನ್ನು ಕಾಯಿಸುವರು. ಕೊಳವೆಯ ಮೇಲಿಟ್ಟ ಕಾಗದದ ಚೂರು ಕಂದಿದರೆ ಕಾವು ಸಾಕೆಂದು ಅರ್ಥ. ಹೀಗೆ ಒಳಗಿನ ಕೊಳೆಯನ್ನೆಲ್ಲ ಹೊರಡಿಸಿ, ಪುನಃ ಬರಿದು ಮಾಡಿ, ಅತ್ಯಲ್ಪ ಒತ್ತಡದಲ್ಲಿ ನಿಯಾನನ್ನು ತುಂಬಿ ಬಾಯನ್ನು ಉರಿಯಿಂದ ಮುಚ್ಚುವರು. ಅನಿಲವು ಹೀಗೆ ವಿರಳವಾಗಿದ್ದರೆ ಮಾತ್ರ ವಿದ್ಯುತ್ಕಣಗಳು ಓಡಿ ಬಂದು ಅದರ ಪರಮಾಣುಗಳಿಗೆ ಡಿಕ್ಕಿ ಹೊಡೆಯುವುವು. ಆ ಪೆಟ್ಟಿನಿಂದ ಪಡೆದ ಶಕ್ತಿಯನ್ನು ಪರಮಾಣುವು ಕೆಂಪು ಬೆಳಕಾಗಿ ಹಿಂದಕ್ಕೆ ಕೊಡುವುದು. ಒಳ್ಳೆಯ ಕೆಲಸಗಾರನು ಮುಚ್ಚಿದ ಕೊಳವೆಯು ಹತ್ತಾರು ವರುಷ ಉರಿಯುವುದು.

ಕನ್ನಡ ಅಕ್ಷರವು ಗಾಜಿಗೆ ಹೇಳಿ ಮಾಡಿಸಿದುದೆಂದು ಆ ಹಿರಿಯರ ಅಭಿಪ್ರಾಯ. ಇಂಗ್ಲಿಷಿನ ಚೂಪು ಮೂಲೆಗಳನ್ನು ಗಾಜು ಒಲ್ಲದು. ತಿರುವು ಹರಿತವಾದಷ್ಟೂ ಕೊಳವೆಯು ಬಲಹೀನವಾಗುವುದು. ಓಲೆಗರಿಯ ಮೇಲೆ ಕಂಠದಿಂದ ಬರೆದು ದುಂಡಾದ ನಮ್ಮ ವಕಾರ, ಡಕಾರ, ರಕಾರಗಳು ಉರಿಯಲ್ಲಿ ತಾವಾಗಿಯೇ ತಿರುಗುವುವಂತೆ. ಕಷ್ಟವೇನಿದ್ದರೂ ತಲೆಕಟ್ಟು ಮತ್ತು ಒತ್ತುಗಳದು. ಬೆಳಕು ತುದಿಯಿಂದ ತುದಿಗೆ ಒಂದೇ ಕೊಳವೆಯಲ್ಲಿ ಹರಿಯಬೇಕು. ಲೇಖನಿಯಂತೆ ಅಲ್ಲಲ್ಲಿ ಎತ್ತಿ ಇಡುವ ಹಾಗಿಲ್ಲ. ಆದುದರಿಂದ ಅಕ್ಷರದಿಂದ ಅಕ್ಷರಕ್ಕೆ ಹೋಗುವ ಕಡೆ ಕೊಳವೆಯನ್ನು ಹಿಂದಕ್ಕೆ ಬಾಗಿಸಿ, ಆ ಭಾಗಕ್ಕೆ ಕಪ್ಪು ಬಣ್ಣವನ್ನು ಬಳಿದು ಮರೆಸುವರು. ಬೋರ್ಡಿನಲ್ಲಿ ನಾವು ಓದುವಷ್ಟೇ ಉದ್ದದ ಬೆಳಕು ಬಣ್ಣದ ಹಿಂದೆ ಕಾಣದೆ ಉರಿಯುವುದುಂಟು. ‘ಸ್ತ್ರ’ ಎಂಬಂಥ ಎ‍ರಡು ಒತ್ತಿನ ಅಕ್ಷರವನ್ನು ಒಂದೇ ಕೊಳವೆಯಲ್ಲಿ ತರಲಾಗದೆ ತಕಾರವನ್ನು ಬೇರೆ ತುಂಡಾಗಿ ಮಾಡಿರುವರೆಂದೂ, ಆಲಿಕಲ್ಲಿಗೆ ಅದೊಂದೇ ಬಲಿಯಾದುದಕ್ಕೆ ಇದೇ ಕಾರಣವೆಂದೂ ನನಗೆ ತಿಳಿಯಿತು. “ಮಾಡಿದವನು ಜಾಣ. ಇಲ್ಲವಾದರೆ ವಸ್ತ್ರವೇ ಹೋಗುತ್ತಿತ್ತು,” ಎಂದರು ಅವರು. ಮಾಡಿದವನ ಹೆಸರು ನಕ್ಷೆಯಲ್ಲಿಯೂ ಇಲ್ಲ, ರಸೀತಿಯಲ್ಲಿಯೂ ಇಲ್ಲ. ತಮ್ಮ ಬಳಿ ಈಗ ಕಲಿಯುವವರು ಯಾರಾದರೂ ಇರುವರೇ ಎಂದು ಕೇಳಿದೆನು. ಮಗನು ಎಲ್‌ಇಡಿಯ ವ್ಯಾಪಾರದಲ್ಲಿರುವನೆಂದೂ, ಮೊಮ್ಮಗಳು ರಜೆಯಲ್ಲಿ ಬಂದು ಬರ್ನರಿನ ಮುಂದೆ ಕುಳಿತುಕೊಳ್ಳುವಳೆಂದೂ, ಹೆಣ್ಣು ಮಗುವಿಗೆ ಬೆಂಕಿಯ ಕೆಲಸವೇಕೆಂದು ಮನೆಯವರು ಎಳೆದುಕೊಂಡು ಹೋಗುವರೆಂದೂ ಹೇಳಿದರು. ಬೆಟ್ಟಿ ವಿಲ್ಲಿಸಳ ವಿಷಯವನ್ನು ನಾನು ಅವರಿಗೆ ಹೇಳಿದೆನು. ಕೈಯಲ್ಲಿದ್ದ ಗಾಜನ್ನು ಉರುಳಿಸುತ್ತಲೇ ಕೇಳಿಕೊಂಡರು. ಏನೂ ಉತ್ತರ ಕೊಡಲಿಲ್ಲ.

ಬೋರ್ಡಿನಲ್ಲಿ ಎಲ್ಲವೂ ಉಳಿಯಲಿಲ್ಲ. ಅಕ್ಷರಗಳ ಸುತ್ತ ಇದ್ದ ನೀಲಿ ಅಂಚು ಕೆಡವುವಾಗ ಮೂರು ಕಡೆ ಬಿರಿದಿದ್ದಿತು. ನೀಲಿಗೆ ಬೇಕಾದುದು ನಿಯಾನಲ್ಲ. ಆರ್ಗಾನ್ ಅನಿಲವೂ ಒಂದು ತೊಟ್ಟು ಪಾದರಸವೂ. ಪಾದರಸವು ವಿಷಪದಾರ್ಥವಾದುದರಿಂದ ಆ ಕೆಲಸವನ್ನು ಅವರು ಬಿಟ್ಟು ಎಷ್ಟೋ ವರುಷಗಳಾಗಿದ್ದುವು. ಹೀಗಾಗಿ ಅಂಚಿಲ್ಲದೆ ಅಕ್ಷರಗಳು ಮಾತ್ರ ಉಳಿದುವು. ಹೊಸ ಟ್ರಾನ್ಸ್‌ಫಾರ್ಮರನ್ನು ಹಾಕಿಸಿದೆವು. ತಕಾರದ ಒತ್ತನ್ನು ಕಂದು ಕಾಗದದ ಮೇಲಿನ ಗೆರೆಗೆ ಸರಿಯಾಗಿ, ತಂದೆಯವರ ಅಪ್ಪಣೆಯಂತೆ ಸಾಕಷ್ಟು ದುಂಡಗೆ, ಅವರು ಎರಡನೆಯ ಪ್ರಯತ್ನದಲ್ಲಿ ಮಾಡಿಕೊಟ್ಟರು.

ಹೊಸ ಅಂಗಡಿಯ ಹೊರಗೆ ಈಗ ಎಲ್‌ಇಡಿ ಬೋರ್ಡೇ ಇರುವುದು. ಅಣ್ಣನವರು ಆ ಮಾತನ್ನು ಸಡಿಲಿಸಲಿಲ್ಲ. ಹಳೆಯ ಅಕ್ಷರಗಳನ್ನು ಒಳಗೆ, ಸೀರೆಗಳ ವಿಭಾಗಕ್ಕೆ ಹತ್ತುವ ಮೆಟ್ಟಿಲಿನ ಮೇಲಣ ಗೋಡೆಯಲ್ಲಿ, ಯಾರ ಕೈಗೂ ಎಟುಕದಷ್ಟು ಎತ್ತರದಲ್ಲಿ ಗಾಜಿನ ಕಪಾಟಿನೊಳಗೆ ಕೂಡಿಸಿದ್ದೇವೆ. ಸಂಜೆ ಆರು ಗಂಟೆಗೆ ಅಣ್ಣನವರೇ ಎದ್ದು ಹೋಗಿ ಸ್ವಿಚ್ಚನ್ನು ಒತ್ತುವರು. ಆ ಕೆಲಸವನ್ನು ಮಗನಿಗೆ ಬಿಡುವುದಿಲ್ಲವೆಂದು ಅತ್ತಿಗೆಯವರು ಹೇಳುವರು. ಹೊಸ ಗಾಜಾದುದರಿಂದ ತಕಾರದ ಒತ್ತು ಉಳಿದ ಅಕ್ಷರಗಳಿಗಿಂತ ತುಸು ಹೆಚ್ಚಾಗಿ ಹೊಳೆಯುವುದು. ಶಾಲೆಯ ಉತ್ಸವಕ್ಕಾಗಿ ದೂರದೂರುಗಳಿಂದ ಬರುವ ಸೋದರಿಯರು, ಅದರಲ್ಲಿಯೂ ಬೋರ್ಡಿಂಗಿನ ಕಿಟಕಿಗಳಿಂದ ಅದನ್ನು ನೋಡುತ್ತಿದ್ದವರು, ಸಂಜೆ ಆರರಿಂದ ಒಂಬತ್ತರೊಳಗೆ ಬಂದರೆ ನೋಡಬಹುದು. ಮಂಗಳವಾರ ಅಂಗಡಿಗೆ ರಜೆ.